ಹೊಸ ಸಮುದ್ರ ಅಕ್ವೇರಿಯಂಗೆ ಬೆರೆಸಿದ ಉಪ್ಪುನೀರು ಹಾಲಿನಂತಾಗಿದೆ: ಚೆಲ್ಲಬೇಕೇ, ಉಳಿಸಿಕೊಳ್ಳಬಹುದೇ?

ಮೊದಲತೊಟ್ಟಿ

ಎಲ್ಲರಿಗೂ ನಮಸ್ಕಾರ. ಹಲವು ವರ್ಷ ಸಿಹಿನೀರಿನ ಮೀನುಗಳನ್ನು ಸಾಕಿದ ಮೇಲೆ ಈಗ ಮೊದಲ ಬಾರಿಗೆ ಸಮುದ್ರ ಅಕ್ವೇರಿಯಂಗೆ ಕೈಹಾಕಿದ್ದೇನೆ. ತೊಟ್ಟಿಯ ಅಳತೆ 90 × 45 × 45 ಸೆಂ.ಮೀ. ಅದರೊಳಗೆ ಇನ್ನೂ ಮರಳೂ ಇಲ್ಲ, ಕಲ್ಲೂ ಇಲ್ಲ, ಜೀವವಂತೂ ಇಲ್ಲವೇ ಇಲ್ಲ. ಹಾಗಾಗಿ ಸದ್ಯಕ್ಕೆ ಇದು ಯಾವ ಮೀನಿನ ಪ್ರಾಣದ ಪ್ರಶ್ನೆಯೂ ಅಲ್ಲ, ನನ್ನ ನೆಮ್ಮದಿಯ ಪ್ರಶ್ನೆ ಮಾತ್ರ.

ಮೊನ್ನೆ ಸಂಜೆ 100 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮೊದಲ ಕಂತಿನ ನೀರನ್ನು ಬೆರೆಸಲು ಶುರುಮಾಡಿದೆ. ಸಮುದ್ರದ ಉಪ್ಪಿನ ಚೀಲದ ಮೇಲೆ ಲೀಟರಿಗೆ 38 ಗ್ರಾಂ ಎಂದು ಬರೆದಿದ್ದರಿಂದ 3.8 ಕೆ.ಜಿ. ಉಪ್ಪನ್ನು ತೂಗಿ ಡ್ರಮ್ಮಿನ ತಳಕ್ಕೆ ಸುರಿದು, ಅದರ ಮೇಲೆ ಆರ್‌ಒ ನೀರಿನ ಕೊಳವೆಯನ್ನು ಇಳಿಬಿಟ್ಟೆ. ನೀರು ಸಣ್ಣಗೆ ಬರುವುದರಿಂದ ಡ್ರಮ್ ತುಂಬಲು ಇಡೀ ರಾತ್ರಿ ಹಿಡಿಯಿತು. ಉಪ್ಪು ಬೇಗ ಕರಗಲೆಂದು, ಅರ್ಧದಷ್ಟು ತುಂಬಿದ ಮೇಲೆ ಹೀಟರನ್ನು 28 ಡಿಗ್ರಿಗೆ ಇಟ್ಟು ಮುಳುಗಿಸಿದೆ. ಬೆಳಿಗ್ಗೆ ಪವರ್‌ಹೆಡ್ (ನೀರೊಳಗಿಟ್ಟು ಅದನ್ನು ಸುಳಿಯಾಡಿಸುವ ಸಣ್ಣ ಪಂಪು) ಹಾಕಿ ತಿರುಗಿಸಿದೆ. ಇಷ್ಟೆಲ್ಲ ಆಗಿ ಒಂದು ದಿನ ಕಳೆದರೂ ನೀರು ತಿಳಿಯಾಗಿಲ್ಲ. ಹಾಲು ಬೆರೆಸಿದಂತೆ ಮಸುಕಾಗಿದೆ, ಹೀಟರಿನ ಗಾಜಿನ ಮೇಲೆ ಬೆರಳಿಗೆ ಒರಟಾಗಿ ಸಿಗುವ ಬಿಳಿಯ ಪದರ ಕೂತಿದೆ.

ಇದು ಸಾಲದೆಂಬಂತೆ, ನೀರಿನ ಸಾಂದ್ರತೆಯಿಂದ ಉಪ್ಪನ್ನು ಅಳೆಯುವ ನನ್ನ ಮುಳ್ಳಿನ ಹೈಡ್ರೋಮೀಟರ್ 1.026 ಎನ್ನುತ್ತದೆ, ಬೆಳಕು ಬಾಗುವುದರಿಂದ ಅದನ್ನೇ ಅಳೆಯುವ, ಸ್ನೇಹಿತರಿಂದ ತಂದ ರಿಫ್ರಾಕ್ಟೋಮೀಟರ್ 31 ಪಿಪಿಟಿ (ಸಾವಿರ ಪಾಲಿನಲ್ಲಿ 31 ಪಾಲು ಉಪ್ಪು) ಎನ್ನುತ್ತದೆ. ಈ ನೀರನ್ನು ಚೆಲ್ಲಬೇಕೇ? ಎರಡು ಉಪಕರಣಗಳಲ್ಲಿ ಯಾವುದನ್ನು ನಂಬಬೇಕು?

ನಿಧಾನಸ್ಥ

ಚೆಲ್ಲುವ ಮಾತು ಆಮೇಲಿರಲಿ. ಪವರ್‌ಹೆಡ್ ಗಾಳಿಯನ್ನು ಎಳೆದುಕೊಂಡು ಉಗುಳುತ್ತಿದ್ದರೂ ನೀರು ಹೀಗೇ ಕಾಣುತ್ತದೆ. ಸ್ವಚ್ಛವಾದ ಗಾಜಿನ ಲೋಟದಲ್ಲಿ ಆ ನೀರನ್ನು ತುಂಬಿ ಮೇಜಿನ ಮೇಲಿಟ್ಟು ನೋಡಿ. ಗಾಳಿಗುಳ್ಳೆಗಳಾಗಿದ್ದರೆ ನಾಲ್ಕೈದು ನಿಮಿಷದಲ್ಲಿ ತಳದಿಂದ ಮೇಲಕ್ಕೆ ತಿಳಿಯಾಗುತ್ತಾ ಬರುತ್ತದೆ. ಪುಡಿಯಾಗಿದ್ದರೆ ಮೇಲಿನಿಂದ ಕೆಳಕ್ಕೆ ತಿಳಿಯಾಗುತ್ತದೆ, ಅದೂ ಬಹಳ ನಿಧಾನವಾಗಿ.

ಮೊದಲತೊಟ್ಟಿ

ನೀವು ಹೇಳಿದಂತೆಯೇ ಮಾಡಿದೆ. ಎರಡು ಗಂಟೆಯ ನಂತರ ಲೋಟದ ಮೇಲ್ಭಾಗ ಒಂದಿಷ್ಟು ತಿಳಿಯಾಗಿದೆ, ತಳದಲ್ಲಿ ಹಿಟ್ಟು ಚೆಲ್ಲಿದಂತೆ ತೆಳ್ಳನೆಯ ಬಿಳಿ ಪೊರೆ ಕೂತಿದೆ. ಲೋಟವನ್ನು ಸ್ವಲ್ಪ ಅಲುಗಿಸಿದರೆ ಅದು ಹೊಗೆಯಂತೆ ಎದ್ದು ಮತ್ತೆ ಎಲ್ಲವೂ ಮಸುಕಾಗುತ್ತದೆ.

ಉಪ್ಪುಗಣಕ

ಹಾಗಾದರೆ ಅದು ಕರಗದೆ ಉಳಿದ ಉಪ್ಪಲ್ಲ, ಕರಗಿದ ಮೇಲೆ ಮತ್ತೆ ಹೊರಬಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನ ಪುಡಿ. ನೀವು ಬರೆದಿರುವ ಕ್ರಮದಲ್ಲಿಯೇ ಇದರ ಕಾರಣವಿದೆ.

ಸಮುದ್ರದ ಉಪ್ಪಿನ ಚೀಲದಲ್ಲಿ ಸೋಡಿಯಂ ಕ್ಲೋರೈಡ್ ಒಂದೇ ಇರುವುದಿಲ್ಲ. ಒಂದು ಕಡೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು, ಇನ್ನೊಂದು ಕಡೆ ಕ್ಷಾರತೆಯನ್ನು, ಅಂದರೆ ಆಮ್ಲವನ್ನು ತಾಳಿಕೊಳ್ಳುವ ಶಕ್ತಿಯನ್ನು, ಕೊಡುವ ಬೈಕಾರ್ಬೊನೇಟ್ ಅಥವಾ ಕಾರ್ಬೊನೇಟ್ ಒಟ್ಟಿಗೇ ಇರುತ್ತವೆ. ಒಣಗಿರುವವರೆಗೆ ಇವು ಒಂದರ ಗೊಡವೆಗೆ ಇನ್ನೊಂದು ಹೋಗುವುದಿಲ್ಲ. ಸಾಕಷ್ಟು ನೀರಿನಲ್ಲಿ ಬೇಗ ಹರಡಿಕೊಂಡರೂ ತಂಟೆಯಿಲ್ಲ. ಸಮುದ್ರದ ಮೇಲ್ಪದರದ ನೀರಿನಲ್ಲಿಯೂ ಕ್ಯಾಲ್ಸಿಯಂ ಕಾರ್ಬೊನೇಟ್ ತನ್ನ ಕರಗುವ ಮಿತಿಯನ್ನು ಮೀರಿಯೇ ಇರುತ್ತದೆ. ಆದರೆ ಅಲ್ಲಿರುವ ಮೆಗ್ನೀಸಿಯಂ, ಹರಳು ಬೆಳೆಯಲು ಹೊರಟ ಕಡೆಯಲ್ಲೆಲ್ಲ ಅಡ್ಡಿಪಡಿಸಿ, ಅದನ್ನು ಸುಲಭವಾಗಿ ಹೊರಬೀಳದಂತೆ ತಡೆಯುತ್ತದೆ. ತೊಂದರೆ ಶುರುವಾಗುವುದು ಇವೆಲ್ಲವನ್ನೂ ಇಕ್ಕಟ್ಟಾದ ಜಾಗದಲ್ಲಿ ಕೂಡಿಹಾಕಿದಾಗ. ನಿಮ್ಮ ಡ್ರಮ್ಮಿನಲ್ಲಿ ಮೊದಲ ಹತ್ತು ಲೀಟರ್ ನೀರು ಬಂದು ಸೇರುವ ಹೊತ್ತಿಗೆ ಅದರ ಕೆಳಗೆ 3.8 ಕೆ.ಜಿ. ಉಪ್ಪು ಇತ್ತು. ಇರಬೇಕಾದದ್ದಕ್ಕಿಂತ ಹತ್ತು ಪಟ್ಟು ಗಟ್ಟಿಯಾದ ಆ ದ್ರಾವಣ, ಅಲುಗಾಟವೇ ಇಲ್ಲದೆ ಗಂಟೆಗಟ್ಟಲೆ ನಿಂತಿತ್ತು.

ಅದರ ಮೇಲೆ ಹೀಟರ್ ಬೇರೆ. ಸಕ್ಕರೆಯಂತೆ ಬಿಸಿಯಲ್ಲಿ ಹೆಚ್ಚು ಕರಗುವ ವಸ್ತು ಇದಲ್ಲ. ನೀರು ಬಿಸಿಯಾದಷ್ಟೂ ಕ್ಯಾಲ್ಸಿಯಂ ಕಾರ್ಬೊನೇಟ್ ಕಡಿಮೆ ಕರಗುತ್ತದೆ. ಬಿಸಿಗೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ಏರುವುದರಿಂದ ಕಾರ್ಬೊನೇಟಿನ ಪಾಲೂ ಹೆಚ್ಚುತ್ತದೆ. ಆದ್ದರಿಂದಲೇ ಎಲ್ಲಕ್ಕಿಂತ ಬಿಸಿಯಾದ ಮೇಲ್ಮೈಯಾದ ಹೀಟರಿನ ಗಾಜಿನ ಮೇಲೆ ಆ ಪದರ ಕೂತಿರುವುದು.

ಪ್ರಯೋಗಪ್ರಿಯೆ

ಮೇಲಿನ ವಿವರಣೆ ಸರಿಯೇ ಎಂದು ನೀವೇ ನೋಡಿಕೊಳ್ಳಬಹುದು. ಹೀಟರಿನ ಪ್ಲಗ್ ತೆಗೆದು, ಪೂರ್ತಿ ಆರಿದ ಮೇಲೆ ಹೊರತೆಗೆದು, ಆ ಬಿಳಿ ಪದರದ ಮೇಲೆ ಎರಡು ಹನಿ ವಿನೆಗರ್ ಬಿಡಿ. ಸಣ್ಣ ಸಣ್ಣ ಗುಳ್ಳೆಗಳೆದ್ದು ಪದರ ಕರಗಿದರೆ ಅದು ಕಾರ್ಬೊನೇಟ್. ನಿಮ್ಮ ಬಳಿ ಕ್ಷಾರತೆಯ ಟೆಸ್ಟ್ ಕಿಟ್ ಇದ್ದರೆ ಲೋಟದ ಮೇಲ್ಭಾಗದ ತಿಳಿನೀರನ್ನು ಮಾತ್ರ ತೆಗೆದು ಅಳೆಯಿರಿ. ಪುಡಿಯೂ ಸೇರಿಬಿಟ್ಟರೆ ಕಿಟ್ಟಿನಲ್ಲಿರುವ ಆಮ್ಲಕ್ಕೆ ಅದೂ ಕರಗಿ, ಲೆಕ್ಕ ನಿಜಕ್ಕಿಂತ ಹೆಚ್ಚು ಬರುತ್ತದೆ.

ಮೊದಲತೊಟ್ಟಿ

ವಿನೆಗರ್ ಬಿದ್ದ ಕೂಡಲೇ ಸೋಡಾ ಸುರಿದಂತೆ ನೊರೆಯೆದ್ದು, ಒಂದು ನಿಮಿಷದಲ್ಲಿ ಆ ಜಾಗದ ಗಾಜು ಹೊಳೆಯಿತು. ಕ್ಷಾರತೆ 5 ಡಿಕೆಎಚ್ (ಕ್ಷಾರತೆಯ ಅಳತೆಮಾನ) ಬಂದಿದೆ. ಚೀಲದ ಮೇಲೆ 8 ಎಂದು ಬರೆದಿದ್ದಾರೆ.

ಹವಳದಂಗಳ

ನನ್ನನ್ನು ಕೇಳಿದರೆ, ಚೆಲ್ಲಿಬಿಡಿ. ಮೊದಲ ತೊಟ್ಟಿಯ ಮೊದಲ ನೀರನ್ನೇ ರಿಪೇರಿ ಮಾಡಿಕೊಂಡು ಹೊರಟರೆ, ಮುಂದೆ ಏನೇ ಎಡವಟ್ಟಾದರೂ "ಆ ನೀರಿನಿಂದಲೇ ಆಗಿರಬಹುದೇ" ಎಂಬ ಅನುಮಾನ ಬೆನ್ನುಬಿಡುವುದಿಲ್ಲ. ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ ಲೀಟರಿಗೆ ಸುಮಾರು 410ರಿಂದ 420 ಮಿ.ಗ್ರಾಂ., ಮೆಗ್ನೀಸಿಯಂ 1300ರ ಆಸುಪಾಸು, ಕ್ಷಾರತೆ 7 ಡಿಕೆಎಚ್‌ನಷ್ಟು ಇರುತ್ತದೆ. ನಿಮ್ಮ ನೀರು ಆ ಸಮತೋಲನವನ್ನು ಕಳೆದುಕೊಂಡಿದೆ.

ಉಪ್ಪುಗಣಕ

ಹವಳದಂಗಳ ಅವರ ಅನುಭವದ ಮೇಲೆ ನನಗೆ ಗೌರವವಿದೆ, ಆದರೆ ಎಷ್ಟು ಕಳೆದುಹೋಗಿದೆ ಎಂದು ಲೆಕ್ಕಹಾಕದೆ ತೀರ್ಪು ಕೊಡುವುದು ಬೇಡ. 1 ಡಿಕೆಎಚ್ ಎಂದರೆ ಲೀಟರಿಗೆ 17.9 ಮಿ.ಗ್ರಾಂ. ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. ಕಳೆದಿರುವುದು 3 ಡಿಕೆಎಚ್, ಅಂದರೆ ಲೀಟರಿಗೆ ಸುಮಾರು 54 ಮಿ.ಗ್ರಾಂ. 100 ಲೀಟರಿನ ಡ್ರಮ್ಮಿಗೆ ಅದು ಐದೂವರೆ ಗ್ರಾಂ ಪುಡಿ, ಒಂದು ಚಮಚವೂ ತುಂಬಲಿಕ್ಕಿಲ್ಲ. ಇಷ್ಟೇ ಪುಡಿ ಇಡೀ ಡ್ರಮ್ಮನ್ನು ಹಾಲಿನಂತೆ ಮಾಡಿದೆ. ಕ್ಯಾಲ್ಸಿಯಂ ಲೆಕ್ಕದಲ್ಲಿ ಹೋಗಿರುವುದು ಲೀಟರಿಗೆ 21 ಮಿ.ಗ್ರಾಂ. ಮಾತ್ರ. 420 ಇದ್ದದ್ದು 399 ಆದರೆ ಹೆಚ್ಚಿನ ಟೆಸ್ಟ್ ಕಿಟ್‌ಗಳ ಕಣ್ಣಿಗೂ ಅದು ಬೀಳುವುದಿಲ್ಲ. ಕೆಟ್ಟಿರುವುದು ಕ್ಷಾರತೆಯೊಂದೇ.

ಅದನ್ನು ತುಂಬಿಕೊಡುವುದು ಕಷ್ಟವಲ್ಲ. 100 ಲೀಟರಿನಲ್ಲಿ 1 ಡಿಕೆಎಚ್ ಏರಿಸಲು ಸುಮಾರು 3 ಗ್ರಾಂ ಶುದ್ಧ ಸೋಡಿಯಂ ಬೈಕಾರ್ಬೊನೇಟ್ ಸಾಕು, ನಿಮಗೆ ಒಟ್ಟು 9 ಗ್ರಾಂ ಬೇಕಾದೀತು. ಆದರೆ ಪುಡಿ ತೇಲುತ್ತಿರುವ ನೀರಿಗೇ ಅದನ್ನು ಹಾಕಿದರೆ ಆ ಕಣಗಳೇ ಬೀಜವಾಗಿ ಇನ್ನಷ್ಟು ಹರಳುಗಟ್ಟಿಸಿಬಿಡಬಹುದು. ಆದ್ದರಿಂದ ಪಂಪು, ಹೀಟರ್ ಎಲ್ಲವನ್ನೂ ನಿಲ್ಲಿಸಿ ಒಂದೆರಡು ದಿನ ಅಲುಗಿಸದೆ ಬಿಡಿ. ಮೇಲಿನ ತಿಳಿನೀರನ್ನು ಕೊಳವೆಯಿಂದ ಬೇರೆ ಪಾತ್ರೆಗೆ ಎಳೆದುಕೊಂಡು, ತಳದ ನಾಲ್ಕೈದು ಲೀಟರನ್ನು ಚೆಲ್ಲಿ. ಬೈಕಾರ್ಬೊನೇಟನ್ನು ಒಂದು ಲೀಟರ್ ಆರ್‌ಒ ನೀರಿನಲ್ಲಿ ಮೊದಲೇ ಕರಗಿಸಿ, ನೀರು ತಿರುಗುತ್ತಿರುವಾಗ ಸ್ವಲ್ಪ ಸ್ವಲ್ಪವೇ ಸೇರಿಸಿ.

ಹವಳದಂಗಳ

ಲೆಕ್ಕವನ್ನು ಒಪ್ಪುತ್ತೇನೆ, ಐದೂವರೆ ಗ್ರಾಂ ಎಂದು ನಾನೂ ಎಣಿಸಿರಲಿಲ್ಲ. ಹವಳ ಸಾಕುವ ತೊಟ್ಟಿಯಲ್ಲಿ ನೀರು ಬದಲಿಸಲು ಇದೇ ನೀರನ್ನು ತಂದಿದ್ದರೆ ಈಗಲೂ ಬೇಡವೆಂದೇ ಹೇಳುತ್ತಿದ್ದೆ. ತೊಟ್ಟಿಯಲ್ಲಿ ಜೀವವೇ ಇಲ್ಲದಿರುವಾಗ, ಮೀನಿನ ತ್ಯಾಜ್ಯವನ್ನು ಒಡೆಯುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ಹೇಗೂ ವಾರಗಟ್ಟಲೆ ಕಾಯಬೇಕಾಗಿರುವಾಗ, ಉಳಿಸಿಕೊಂಡರೆ ನಷ್ಟವೇನಿಲ್ಲ. ಆದರೆ ಪವರ್‌ಹೆಡ್ಡಿನ ಒಳಗಿನ ತಿರುಗುಚಕ್ರವನ್ನು ಬಿಚ್ಚಿ, ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿ ತೊಳೆಯುವುದನ್ನು ಮರೆಯಬೇಡಿ. ಹೀಟರಿನ ಮೇಲೆ ಕೂತದ್ದು ಅಲ್ಲಿಯೂ ಕೂತಿರುತ್ತದೆ.

ಅಲೆಮಗ್ಗ

ಎಲ್ಲರೂ ಹಾಲಿನ ಹಿಂದೆ ಬಿದ್ದು ಅವರ ಎರಡನೆಯ ಪ್ರಶ್ನೆಯನ್ನು ಮರೆತಿದ್ದೇವೆ. ನನ್ನ ಮಟ್ಟಿಗೆ ಅದೇ ದೊಡ್ಡ ಪ್ರಶ್ನೆ, ಏಕೆಂದರೆ ಹಾಲಿನಂತಾದ ನೀರು ಕಣ್ಣಿಗೆ ಕಾಣುತ್ತದೆ, ತಪ್ಪು ಲವಣಾಂಶ ಕಾಣುವುದಿಲ್ಲ.

ನಮಗೆ ಬೇಕಾದ ಗುರಿ 35 ಪಿಪಿಟಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಸಾಪೇಕ್ಷ ಸಾಂದ್ರತೆ (ಶುದ್ಧ ನೀರಿಗೆ ಹೋಲಿಸಿದ ಭಾರ, ಹೈಡ್ರೋಮೀಟರ್ ತೋರಿಸುವುದು ಇದನ್ನೇ) 1.0264. ಮೊದಲತೊಟ್ಟಿ ಅವರ ರಿಫ್ರಾಕ್ಟೋಮೀಟರ್ ತೋರಿಸಿದ 31 ಪಿಪಿಟಿ ನಿಜವಾಗಿದ್ದರೆ ಅದು 1.023ರ ಸುತ್ತಮುತ್ತ ಬರಬೇಕಿತ್ತು. ಆದ್ದರಿಂದ ಎರಡರಲ್ಲಿ ಒಂದಾದರೂ ಸುಳ್ಳು ಹೇಳುತ್ತಿದೆ. ಎರಡೂ ಹೇಳುತ್ತಿರಬಹುದೆಂಬುದೇ ನನ್ನ ಊಹೆ.

ಮುಳ್ಳಿನ ಹೈಡ್ರೋಮೀಟರಿನಲ್ಲಿ ಆ ಪ್ಲಾಸ್ಟಿಕ್ ಮುಳ್ಳು ನೀರಿನಲ್ಲಿ ತೇಲುವುದರ ಮೇಲೆ ಎಲ್ಲವೂ ನಿಂತಿದೆ. ಅದಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆ ಅಂಟಿಕೊಂಡರೂ ಮುಳ್ಳು ಮೇಲೇರಿ ಹೆಚ್ಚಿನ ಅಂಕಿಯನ್ನು ತೋರಿಸುತ್ತದೆ. ಒಣಗಿದ ಉಪ್ಪು ಅಂಟಿದ್ದರೆ ಮುಳ್ಳು ಭಾರವಾಗಿ ಕಡಿಮೆ ತೋರಿಸುತ್ತದೆ. ತುಂಬಿಸಿದ ಮೇಲೆ ಬೆರಳಿನಿಂದ ನಾಲ್ಕೈದು ಬಾರಿ ತಟ್ಟಿ, ಒಂದು ನಿಮಿಷ ಬಿಟ್ಟು ಓದಬೇಕು, ಪ್ರತಿ ಬಾರಿಯೂ ಬಳಸಿದ ನಂತರ ಸಿಹಿನೀರಿನಲ್ಲಿ ತೊಳೆಯಬೇಕು.

ರಿಫ್ರಾಕ್ಟೋಮೀಟರ್ ನಿಖರವಾದ ಉಪಕರಣವೇ, ಆದರೆ ಅದನ್ನು ಯಾವುದರಿಂದ ಹೊಂದಿಸಲಾಗಿದೆ ಎಂಬುದರ ಮೇಲೆ ಅದರ ಮಾತಿಗೆ ಬೆಲೆ. ಬಹಳ ಜನ ಆರ್‌ಒ ನೀರಿನ ಎರಡು ಹನಿ ಬಿಟ್ಟು, ಗೆರೆಯನ್ನು ಸೊನ್ನೆಗೆ ತಂದು, ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಸೊನ್ನೆಯಲ್ಲಿ ಸರಿಯಿದ್ದ ಉಪಕರಣ 35ರಲ್ಲಿಯೂ ಸರಿಯಿರುತ್ತದೆಂಬ ಖಾತರಿಯಿಲ್ಲ. ಮಾರುಕಟ್ಟೆಯಲ್ಲಿರುವ ಹಲವು ರಿಫ್ರಾಕ್ಟೋಮೀಟರ್‌ಗಳ ಅಳತೆಪಟ್ಟಿ ಬರೀ ಸೋಡಿಯಂ ಕ್ಲೋರೈಡಿಗಾಗಿ ಬರೆದದ್ದು, ಸಮುದ್ರದ ನೀರಿಗಾಗಿ ಅಲ್ಲ ಎಂಬ ತಕರಾರೂ ಇದೆ. ಆದ್ದರಿಂದ 35ರ ಹತ್ತಿರ ಅಳೆಯುವ ಉಪಕರಣವನ್ನು 35ರಲ್ಲಿಯೇ ಹೊಂದಿಸಬೇಕು. ಇದಕ್ಕಾಗಿ ಸಿದ್ಧ ದ್ರಾವಣಗಳು ಸಿಗುತ್ತವೆ. ಮನೆಯಲ್ಲಿಯೇ ಮಾಡಿಕೊಳ್ಳುವುದಾದರೆ 36.5 ಗ್ರಾಂ ಶುದ್ಧವಾದ, ಒಣಗಿದ ಸೋಡಿಯಂ ಕ್ಲೋರೈಡನ್ನು 963.5 ಗ್ರಾಂ ಆರ್‌ಒ ನೀರಿನಲ್ಲಿ ಕರಗಿಸಿ. ಈ ದ್ರಾವಣ ಬೆಳಕನ್ನು ಬಾಗಿಸುವ ಪ್ರಮಾಣವೂ 35 ಪಿಪಿಟಿಯ ಸಮುದ್ರದ ನೀರು ಬಾಗಿಸುವ ಪ್ರಮಾಣವೂ ಒಂದೇ. ಗಾಜಿನ ಮೇಲೆ ಹನಿ ಬಿಟ್ಟು ಅರ್ಧ ನಿಮಿಷ ಕಾದು, ತಿರುಪನ್ನು 35ಕ್ಕೆ ತನ್ನಿ. ತೂಕದ ಯಂತ್ರ 0.1 ಗ್ರಾಂ ತೋರಿಸುವಂಥದ್ದಾಗಿರಲಿ. ಇಲ್ಲಿ ಒಂದು ಗ್ರಾಂ ತಪ್ಪಿದರೆ ಹತ್ತಿರ ಹತ್ತಿರ 1 ಪಿಪಿಟಿ ತಪ್ಪಿದಂತೆ.

ನಿಧಾನಸ್ಥ

ಇದನ್ನು ಓದುತ್ತಾ ಹಳೆಯ ನೋವು ನೆನಪಾಯಿತು. ನನ್ನ ಮೊದಲ ವರ್ಷ ತಿಂಗಳುಗಟ್ಟಲೆ ಸೊನ್ನೆಗೆ ಹೊಂದಿಸಿದ ರಿಫ್ರಾಕ್ಟೋಮೀಟರನ್ನೇ ನಂಬಿ ನೀರು ಬೆರೆಸುತ್ತಿದ್ದೆ. ಮೀನುಗಳು ಆರಾಮವಾಗಿ ಈಜಾಡಿಕೊಂಡಿದ್ದವು, ತಂದು ಬಿಟ್ಟ ಬಸವನಹುಳುಗಳು ಮಾತ್ರ ಒಂದೊಂದಾಗಿ ಮಗುಚಿಕೊಂಡು ಬೀಳುತ್ತಿದ್ದವು. ತಾಮ್ರ ಸೇರಿದೆಯೇ, ನೈಟ್ರೇಟ್ ಏರಿದೆಯೇ ಎಂದು ಎಲ್ಲವನ್ನೂ ಪರೀಕ್ಷಿಸಿದೆ. ಕೊನೆಗೆ ಬೇರೆಯವರ ಉಪಕರಣದಲ್ಲಿ ನೋಡಿದರೆ ನನ್ನ 35 ನಿಜವಾಗಿ 30ಕ್ಕೂ ಕೆಳಗಿತ್ತು. ಬೆನ್ನೆಲುಬಿಲ್ಲದ ಈ ಜೀವಿಗಳಲ್ಲಿ ಹೆಚ್ಚಿನವಕ್ಕೆ ಮೀನುಗಳಂತೆ ಮೈಯೊಳಗಿನ ಉಪ್ಪನ್ನು ಹಿಡಿತದಲ್ಲಿಟ್ಟುಕೊಳ್ಳುವ ಶಕ್ತಿಯಿಲ್ಲ, ಸುತ್ತಲಿನ ನೀರು ಹೇಗೋ ಅವುಗಳ ಒಳಗೂ ಹಾಗೆಯೇ.

ಮೊದಲತೊಟ್ಟಿ

ಅಲೆಮಗ್ಗ ಅವರು ಹೇಳಿದ ದ್ರಾವಣವನ್ನು ತೂಗಿ ಮಾಡಿದೆ. 35 ತೋರಿಸಬೇಕಾದ ಕಡೆ ರಿಫ್ರಾಕ್ಟೋಮೀಟರ್ 33 ತೋರಿಸಿತು. ಸ್ನೇಹಿತರನ್ನು ಕೇಳಿದಾಗ, ಅವರೂ ಆರ್‌ಒ ನೀರಿನಿಂದಲೇ ಸೊನ್ನೆಗೆ ತರುತ್ತಿದ್ದರೆಂದು ತಿಳಿಯಿತು. ತಿರುಪನ್ನು ಸರಿಪಡಿಸಿ ಮತ್ತೆ ನೋಡಿದರೆ ಡ್ರಮ್ಮಿನ ನೀರು 33 ಪಿಪಿಟಿ. ಆಮೇಲೆ ಹೈಡ್ರೋಮೀಟರನ್ನು ಬೆಳಕಿಗೆ ಹಿಡಿದು ನೋಡಿದೆ. ಮುಳ್ಳಿನ ಕೆಳಮೈಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕದಾದ ಎರಡು ಗುಳ್ಳೆಗಳು ಕೂತಿದ್ದವು. ತಟ್ಟಿದಾಗ ಅವು ಎದ್ದುಹೋದವು, ಮುಳ್ಳು 1.026ರಿಂದ 1.025ಕ್ಕೆ ಇಳಿಯಿತು. ಈಗ ಎರಡೂ ಒಂದೇ ಮಾತು ಹೇಳುತ್ತಿವೆ.

ಆದರೆ ಚೀಲದ ಮೇಲಿನ ಅಳತೆಯಂತೆ ಸರಿಯಾಗಿ 3.8 ಕೆ.ಜಿ. ಹಾಕಿದ್ದೆ. 35 ಬರದೆ 33 ಏಕೆ ಬಂತು?

ಉಪ್ಪುಗಣಕ

ಚೀಲದ ಮೇಲಿನ ಅಂಕಿ ಬಾಯಿ ತೆರೆಯದ ಚೀಲಕ್ಕೆ ಅನ್ವಯಿಸುವ ಅಂದಾಜು. 35 ಪಿಪಿಟಿಗೆ ಲೀಟರಿಗೆ 36 ಗ್ರಾಂ ಸಾಲದೆ 38, ಕೆಲವೊಮ್ಮೆ 40 ಗ್ರಾಂ ಏಕೆ ಬೇಕೆಂದರೆ, ಆ ಪುಡಿಯಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್ ಮುಂತಾದವು ತಮ್ಮ ಹರಳಿನಲ್ಲಿಯೇ ನೀರನ್ನು ಹಿಡಿದಿಟ್ಟುಕೊಂಡಿರುತ್ತವೆ. ನಾವು ತೂಗುವ ಉಪ್ಪಿನಲ್ಲಿ ಒಂದು ಪಾಲು ನೀರೇ. ಚೀಲ ತೆರೆದಿಟ್ಟರೆ ಅವೇ ಲವಣಗಳು ಗಾಳಿಯ ತೇವವನ್ನೂ ಎಳೆದುಕೊಂಡು ಗಂಟುಕಟ್ಟುತ್ತವೆ, ಅಷ್ಟೇ ತೂಕಕ್ಕೆ ಉಪ್ಪು ಇನ್ನೂ ಕಡಿಮೆಯಾಗುತ್ತದೆ. ಡ್ರಮ್ಮಿನ ಮೇಲೆ ಬರೆದ 100 ಲೀಟರ್ ಕಂಠದವರೆಗೋ ಗೆರೆಯವರೆಗೋ ಎಂಬುದನ್ನೂ ಒಮ್ಮೆ ನೋಡಿ.

ಕೊರತೆಯನ್ನು ತುಂಬುವುದು ಸುಲಭ. 2 ಪಿಪಿಟಿ ಏರಬೇಕು, ನೀರು 100 ಲೀಟರ್, ಆದ್ದರಿಂದ 200 ಗ್ರಾಂ. ಹರಳಿನ ನೀರಿನ ಪಾಲನ್ನು ಸೇರಿಸಿ 220 ಗ್ರಾಂ ಎಂದಿಟ್ಟುಕೊಳ್ಳಿ. ಮೊದಲು 150 ಹಾಕಿ, ಒಂದು ಗಂಟೆ ತಿರುಗಿಸಿ, ಅಳೆದು, ಉಳಿದದ್ದನ್ನು ಹಾಕಿ. ಹೆಚ್ಚಾದಾಗ ಮಾಡುವ ಲೆಕ್ಕವೂ ಇಷ್ಟೇ ಸರಳ. 150 ಲೀಟರ್ ನೀರು 38 ಇದ್ದು 35ಕ್ಕೆ ಇಳಿಯಬೇಕೆಂದರೆ 150ನ್ನು 3ರಿಂದ ಗುಣಿಸಿ 38ರಿಂದ ಭಾಗಿಸಿ. ಸುಮಾರು 12 ಲೀಟರ್ ಉಪ್ಪುನೀರನ್ನು ತೆಗೆದು ಅಷ್ಟೇ ಸಿಹಿನೀರು ಹಾಕಬೇಕು.

ಇನ್ನೊಂದು ಮಾತು. ನಿಮ್ಮ ತೊಟ್ಟಿಯನ್ನು ಹೊರಗಿನ ಅಳತೆಯಿಂದ ಗುಣಿಸಿದರೆ 182 ಲೀಟರ್ ಬರುತ್ತದೆ. ಗಾಜು 8 ಮಿ.ಮೀ. ಇದ್ದು, ನೀರನ್ನು 40 ಸೆಂ.ಮೀ. ಎತ್ತರಕ್ಕೆ ನಿಲ್ಲಿಸಿದರೆ ಒಳಗೆ ಹಿಡಿಯುವುದು 153 ಲೀಟರ್, ಮರಳು ಮತ್ತು ಕಲ್ಲು ಹಾಕಿದ ಮೇಲೆ ಇನ್ನೂ ಕಡಿಮೆ. 182ಕ್ಕೆಂದು ಉಪ್ಪನ್ನು ತೂಗಿ ತೊಟ್ಟಿಗೇ ಹಾಕಿಬಿಟ್ಟಿದ್ದರೆ ಲವಣಾಂಶ 40 ದಾಟುತ್ತಿತ್ತು.

ಕಿರುಗೆರೆ

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಸಮುದ್ರದ ಉಪ್ಪಿನಲ್ಲಿ ಬಹುಪಾಲು ಸೋಡಿಯಂ ಕ್ಲೋರೈಡೇ ಅಲ್ಲವೇ? ಅಡುಗೆ ಉಪ್ಪನ್ನು ಹಾಕಿ 1.026ಕ್ಕೆ ತಂದರೆ, ಉಳಿದದ್ದನ್ನು ಮರಳು ಮತ್ತು ಹವಳದ ಕಲ್ಲು ಕೊಡುವುದಿಲ್ಲವೇ?

ಅಲೆಮಗ್ಗ

ಕೊಡುವುದಿಲ್ಲ. ಹೈಡ್ರೋಮೀಟರ್ ನೀರಿನ ಭಾರವನ್ನು ಮಾತ್ರ ಬಲ್ಲದು, ಆ ಭಾರ ಯಾವುದರಿಂದ ಬಂತೆಂದು ಅದಕ್ಕೆ ತಿಳಿಯದು. ಸಮುದ್ರದ ಲವಣಗಳಲ್ಲಿ ತೂಕದ ಲೆಕ್ಕಕ್ಕೆ ಕ್ಲೋರೈಡ್ ಸುಮಾರು ಶೇ. 55, ಸೋಡಿಯಂ ಸುಮಾರು ಶೇ. 30 ಇರುವುದು ನಿಜ. ಉಳಿದ ಶೇ. 15ರಲ್ಲಿಯೇ ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಬೈಕಾರ್ಬೊನೇಟ್ ಎಲ್ಲವೂ ಇರುವುದು. ಪಿಎಚ್ ಹಿಡಿದಿಡುವುದೂ, ಚಿಪ್ಪು ಮತ್ತು ಹವಳ ಕಟ್ಟುವುದೂ ಈ ಪಾಲಿನ ಕೆಲಸ. ಹವಳದ ಕಲ್ಲು ಪಿಎಚ್ 8ರ ಮೇಲಿರುವ ನೀರಿನಲ್ಲಿ ಕರಗುವುದೇ ಇಲ್ಲವೆನ್ನಬಹುದು. ಸಿಹಿನೀರಿನ ಮೀನುಗಳಿಗೆಂದು ಮಾರುವ ಅಕ್ವೇರಿಯಂ ಉಪ್ಪೂ ಸಾಮಾನ್ಯವಾಗಿ ಬರೀ ಸೋಡಿಯಂ ಕ್ಲೋರೈಡ್, ಹೆಸರು ನೋಡಿ ಮೋಸಹೋಗಬೇಡಿ.

ನಿಮ್ಮ ಪ್ರಶ್ನೆಯ ಬೆನ್ನಿಗೇ ಒಂದು ಹಳೆಯ ಸಂಗತಿ ಇದೆ. 1872ರಿಂದ 1876ರವರೆಗೆ ಸಾಗರಗಳನ್ನು ಸುತ್ತಿದ ಚಾಲೆಂಜರ್ ಹಡಗು ಬೇರೆಬೇರೆ ಕಡೆಯಿಂದ ತಂದ 77 ನೀರಿನ ಮಾದರಿಗಳನ್ನು ವಿಲಿಯಂ ಡಿಟ್‌ಮಾರ್ ಎಂಬ ರಸಾಯನಶಾಸ್ತ್ರಜ್ಞ ವಿಶ್ಲೇಷಿಸಿ, 1884ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟು ಉಪ್ಪು ಜಾಗದಿಂದ ಜಾಗಕ್ಕೆ ಹೆಚ್ಚುಕಡಿಮೆಯಾದರೂ ಮುಖ್ಯ ಲವಣಗಳ ಪರಸ್ಪರ ಪ್ರಮಾಣ ಎಲ್ಲೆಡೆಯೂ ಒಂದೇ ಎಂಬುದು ಅದರಿಂದ ಖಚಿತವಾಯಿತು. ತೆರೆದ ಸಾಗರದಲ್ಲಿ ಒಂದನ್ನು ಅಳೆದರೆ ಉಳಿದದ್ದನ್ನು ಹೇಳಬಹುದು. ಡ್ರಮ್ಮಿನಲ್ಲಿ ಹಾಗಲ್ಲ, ಅಲ್ಲಿ ಪ್ರಮಾಣ ನಿರ್ಧಾರವಾಗುವುದು ಚೀಲದಲ್ಲಿ ಏನಿತ್ತು ಮತ್ತು ನೀವು ಹೇಗೆ ಬೆರೆಸಿದಿರಿ ಎಂಬುದರ ಮೇಲೆ. ಮೊದಲತೊಟ್ಟಿ ಅವರ ನೀರನ್ನೇ ನೋಡಿ, ಲವಣಾಂಶ ಅಳೆಯುವ ಯಾವ ಉಪಕರಣವೂ ಕ್ಷಾರತೆ 5ಕ್ಕೆ ಕುಸಿದದ್ದನ್ನು ಹೇಳಲಿಲ್ಲ.

ಪ್ರಯೋಗಪ್ರಿಯೆ

ಅದೇ ಕಾರಣಕ್ಕೆ ಹೊಸ ಚೀಲ ತೆರೆಯುವ ಮೊದಲು ಅದನ್ನು ನೆಲದ ಮೇಲೆ ಅತ್ತಿತ್ತ ಉರುಳಿಸಿ. ಸಾಗಾಟದಲ್ಲಿ ಸಣ್ಣ ಪುಡಿ ಕೆಳಗೂ ದಪ್ಪ ಹರಳು ಮೇಲಕ್ಕೂ ಸರಿದಿರುತ್ತವೆ. ಅರ್ಧ ಚೀಲ ಈಗ, ಅರ್ಧ ಆಮೇಲೆ ಎನ್ನುವವರಿಗೆ ಎರಡು ಬೇರೆಬೇರೆ ನೀರು ಸಿಗುತ್ತದೆ.

ಹವಳದಂಗಳ

ನೀರಿನ ಮೂಲದ ಬಗ್ಗೆ ಯಾರೂ ಕೇಳಲಿಲ್ಲ. ಆರ್‌ಒ ಎಂದರೆ ಕುಡಿಯುವ ನೀರಿನ ಯಂತ್ರವೇ? ಅವುಗಳಲ್ಲಿ ಕೆಲವು ರುಚಿಗೆಂದು ಕೊನೆಯ ಹಂತದಲ್ಲಿ ಖನಿಜಗಳನ್ನು ಮತ್ತೆ ಸೇರಿಸುತ್ತವೆ, ಇಲ್ಲವೇ ಸೋಸದ ನೀರನ್ನು ಸ್ವಲ್ಪ ಬೆರೆಸಿ ಬಿಡುತ್ತವೆ. ನೀರಿನಲ್ಲಿ ಕರಗಿದ ವಸ್ತುಗಳನ್ನು ಅಳೆಯುವ ಟಿಡಿಎಸ್ ಮೀಟರಿನಲ್ಲಿ 40 ಎಂದು ಬಂದರೆ ಆ 40ರಲ್ಲಿ ಏನಿದೆ ಎಂಬುದು ಮೀಟರಿಗೂ ಗೊತ್ತಿಲ್ಲ. ಫಾಸ್ಫೇಟ್, ಸಿಲಿಕೇಟ್ ಇದ್ದರೆ ಹೊಸ ತೊಟ್ಟಿಯ ಗಾಜಿನ ಮೇಲೆ ಕಂದು ಪಾಚಿ ಹಬ್ಬುತ್ತದೆ. ಆರ್‌ಒ ಪೊರೆಯ ನಂತರ ಡಿಐ ರೆಸಿನ್ (ಉಳಿದ ಲವಣಗಳನ್ನೂ ಹಿಡಿದಿಡುವ ಸಣ್ಣ ಮಣಿಗಳು) ಇರುವ ಘಟಕವಾದರೆ 0 ಬರಬೇಕು. ರೋಗಾಣು ಕೊಲ್ಲಲು ನಲ್ಲಿಯ ನೀರಿಗೆ ಕ್ಲೋರಮಿನ್ (ಕ್ಲೋರಿನ್ ಮತ್ತು ಅಮೋನಿಯಾ ಸೇರಿ ಆದದ್ದು) ಹಾಕುವ ಕಡೆಗಳಲ್ಲಿ ಡಿಐ ಇನ್ನೂ ಮುಖ್ಯ, ಏಕೆಂದರೆ ಇಂಗಾಲದ ಫಿಲ್ಟರ್ ಕ್ಲೋರಮಿನ್ನನ್ನು ಒಡೆದಾಗ ಉಳಿಯುವ ಅಮೋನಿಯಾ ಆರ್‌ಒ ಪೊರೆಯನ್ನು ದಾಟಿ ಬರಬಲ್ಲದು, ಅದನ್ನು ಹಿಡಿಯುವುದು ರೆಸಿನ್.

ಡ್ರಮ್ ಆಹಾರ ತುಂಬಲು ಯೋಗ್ಯವಾದ ಪ್ಲಾಸ್ಟಿಕ್‌ನದ್ದಾಗಿರಲಿ, ಅದಕ್ಕೆ ನಲ್ಲಿ ಜೋಡಿಸುವುದಾದರೆ ಹಿತ್ತಾಳೆಯದು ಬೇಡ. ಮೀನಿಗೆ ಲೆಕ್ಕಕ್ಕೆ ಬಾರದಷ್ಟು ತಾಮ್ರವೂ ಸೀಗಡಿ, ಬಸವನಹುಳು, ಹವಳಗಳಿಗೆ ವಿಷ.

ಮೊದಲತೊಟ್ಟಿ

ಡಿಐ ಇರುವ ಘಟಕವೇ, ಮೀಟರ್ 0 ತೋರಿಸುತ್ತಿದೆ. ಇವತ್ತು ಎರಡನೆಯ ಕಂತು ಬೆರೆಸಬೇಕೆಂದಿದ್ದೇನೆ. ಎಷ್ಟು ಹೊತ್ತು ತಿರುಗಿಸಬೇಕು? ಒಂದು ಕಡೆ ಒಂದು ಗಂಟೆ ಎಂದು ಓದಿದೆ, ಇನ್ನೊಂದು ಕಡೆ 24 ಗಂಟೆ ಎಂದಿದೆ.

ನಿಧಾನಸ್ಥ

ಮೊದಲು ನೀರು, ಆಮೇಲೆ ಉಪ್ಪು. ಡ್ರಮ್ ಪೂರ್ತಿ ತುಂಬಿ, ಪವರ್‌ಹೆಡ್ಡಿನ ಬಾಯಿಯನ್ನು ಮೇಲ್ಮುಖವಾಗಿಟ್ಟು ನೀರಿನ ಮೇಲ್ಮೈ ಕುದಿಯುವಂತೆ ಮಾಡಿ. ಉಪ್ಪನ್ನು ಒಂದೊಂದೇ ಬಟ್ಟಲು, ಹಿಂದಿನದು ಕಣ್ಮರೆಯಾದ ಮೇಲೆ ಮುಂದಿನದು ಎಂಬಂತೆ, ಅರ್ಧ ಗಂಟೆಯ ಕೆಲಸವಾಗಿ ಹಾಕಿ. ತಳದಲ್ಲಿ ದಿಬ್ಬ ಕಟ್ಟಲು ಬಿಡಬೇಡಿ. ಹೀಟರ್ ಸದ್ಯಕ್ಕೆ ಬೇಡವೇ ಬೇಡ. ನಾನಂತೂ ಯಾವಾಗಲೂ ಒಂದು ದಿನ ಬಿಡುತ್ತೇನೆ.

ಉಪ್ಪುಗಣಕ

ಕ್ರಮವೆಲ್ಲ ಸರಿ, ಕೊನೆಯ ವಾಕ್ಯಕ್ಕೆ ಮಾತ್ರ ನನ್ನ ತಕರಾರು. ಎಲ್ಲ ಉಪ್ಪಿಗೂ ಒಂದೇ ನಿಯಮ ಸಲ್ಲದು. ಒಳ್ಳೆಯ ಅಲುಗಾಟವಿದ್ದರೆ ಕರಗುವುದು ಒಂದೆರಡು ಗಂಟೆಯ ಕೆಲಸ. ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗುವುದು ಗಾಳಿಯೊಂದಿಗೆ ಇಂಗಾಲದ ಡೈಆಕ್ಸೈಡ್ ಸಮತೋಲನಕ್ಕೆ ಬಂದು ಪಿಎಚ್ ನೆಲೆಗೊಳ್ಳಲು. ಖಾಲಿ ತೊಟ್ಟಿಗೆ ಹೋಗುವ ನೀರಿಗೆ ಆ ಕಾಯುವಿಕೆ ತೊಟ್ಟಿಯಲ್ಲಿಯೇ ಆಗಬಹುದು. ಹವಳಗಳಿಗೆಂದು ಕ್ಷಾರತೆ ಹೆಚ್ಚಿಟ್ಟು ತಯಾರಿಸಿದ ಕೆಲವು ಉಪ್ಪುಗಳನ್ನು ದಿನಗಟ್ಟಲೆ ಬಿಸಿಯಲ್ಲಿ ತಿರುಗಿಸುತ್ತಿದ್ದರೆ, ಸರಿಯಾಗಿ ಬೆರೆಸಿದ ನೀರೂ ಸುಣ್ಣ ಬಿಡಲು ಶುರುಮಾಡುತ್ತದೆ. ಅಂಥವುಗಳ ಚೀಲದ ಮೇಲೆ ಬೆರೆಸಿದ ಕೆಲವೇ ಗಂಟೆಗಳಲ್ಲಿ ಬಳಸಿ ಎಂದೇ ಬರೆದಿರುತ್ತಾರೆ. ತೂಕದ ವಿಷಯದಲ್ಲಿ ಚೀಲವನ್ನು ಅರ್ಧ ನಂಬಿ, ಹೊತ್ತಿನ ವಿಷಯದಲ್ಲಿ ಪೂರ್ತಿ ನಂಬಿ.

ನಿಧಾನಸ್ಥ

ನನ್ನ ಉಪ್ಪಿಗೆ ಒಂದು ದಿನ ಹೊಂದುತ್ತದೆ, ಎಲ್ಲರ ಉಪ್ಪೂ ಅದೇ ಎಂದುಕೊಂಡದ್ದು ನನ್ನ ತಪ್ಪು.

ಮೊದಲತೊಟ್ಟಿ

ವರದಿ ಒಪ್ಪಿಸುತ್ತಿದ್ದೇನೆ. ಎರಡನೆಯ ಕಂತಿಗೆ 60 ಲೀಟರ್ ಸಾಕೆನಿಸಿತು. ಈ ಬಾರಿ ಬಕೆಟ್ಟಿನಲ್ಲಿ ಹತ್ತತ್ತು ಲೀಟರ್ ಎಣಿಸಿ ಡ್ರಮ್ಮಿಗೆ ಹಾಕಿ, ಹೊರಮೈಯಲ್ಲಿ ಮಾರ್ಕರಿನಿಂದ ಗೆರೆ ಎಳೆದೆ. ನನ್ನ ಗೆರೆಗಳನ್ನು ಕಂಠದವರೆಗೆ ಮುಂದುವರಿಸಿದರೆ ಆ ಡ್ರಮ್ಮಿಗೆ 104 ಲೀಟರ್ ಹಿಡಿಯುತ್ತದೆ. ಮೊದಲ ಸಲ ಕಂಠದವರೆಗೆ ತುಂಬಿದ್ದೆ, 2 ಪಿಪಿಟಿ ಕೊರತೆಯಲ್ಲಿ ಹೆಚ್ಚಿನ ಪಾಲು ಎಲ್ಲಿ ಹೋಯಿತೆಂದು ಈಗ ತಿಳಿಯಿತು.

ನೀರು ಸುಳಿಯುತ್ತಿರುವಾಗ ಉಪ್ಪನ್ನು ಒಂದೊಂದೇ ಬಟ್ಟಲು ಹಾಕಿದೆ. ಪ್ರತಿ ಬಟ್ಟಲು ಬಿದ್ದಾಗಲೂ ಒಂದು ಕ್ಷಣ ಮೋಡ ಕವಿದಂತಾಗಿ, ಬಿಸಿಲಿಗೆ ಕಾದ ರಸ್ತೆಯ ಮೇಲೆ ಗಾಳಿ ನಡುಗುವಂತೆ ನೀರಿನೊಳಗೆ ಎಳೆಎಳೆಯಾಗಿ ನಡುಗಿ, ಮತ್ತೆ ತಿಳಿಯಾಗುತ್ತಿತ್ತು. ಒಂದೂವರೆ ಗಂಟೆಯ ನಂತರ ಡ್ರಮ್ಮಿನ ತಳದಲ್ಲಿ ಅಚ್ಚೊತ್ತಿದ ಅಕ್ಷರಗಳನ್ನು ಮೇಲಿನಿಂದಲೇ ಓದಬಹುದಾಗಿತ್ತು. ಲವಣಾಂಶ 34.5, ಕ್ಷಾರತೆ 7.8. ಮೊದಲ ಕಂತಿನ ತಿಳಿನೀರನ್ನೂ ಎಳೆದುಕೊಂಡು ಬೈಕಾರ್ಬೊನೇಟ್ ಮತ್ತು ಉಪ್ಪು ಸೇರಿಸಿ ಸರಿಪಡಿಸಿದ್ದೇನೆ, ಅದು 7.5ಕ್ಕೆ ನಿಂತಿದೆ. ನಾಳೆ ಮರಳು ಮತ್ತು ಕಲ್ಲು ಜೋಡಿಸಿ ಎರಡನ್ನೂ ತೊಟ್ಟಿಗೆ ಬಿಡುತ್ತೇನೆ. ನೀರು ಆವಿಯಾಗಿ ಮಟ್ಟ ಇಳಿದಾಗ ಮೇಲುತುಂಬಲು ಈ ಉಪ್ಪುನೀರನ್ನೇ ಸ್ವಲ್ಪ ಎತ್ತಿಟ್ಟುಕೊಂಡರಾಯಿತೇ?

ಹವಳದಂಗಳ

ಬೇಡ. ಆವಿಯಾಗುವುದು ನೀರು ಮಾತ್ರ, ಉಪ್ಪೆಲ್ಲ ತೊಟ್ಟಿಯಲ್ಲಿಯೇ ಉಳಿದಿರುತ್ತದೆ. 140 ಲೀಟರಿನಲ್ಲಿ ವಾರಕ್ಕೆ 10 ಲೀಟರ್ ಆವಿಯಾಗಿ, ಅದನ್ನು ಉಪ್ಪುನೀರಿನಿಂದಲೇ ತುಂಬಿದರೆ ಪ್ರತಿ ವಾರ ಎರಡೂವರೆ ಪಿಪಿಟಿ ಏರುತ್ತಾ ಹೋಗುತ್ತದೆ. ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಟೇಪಿನ ತುಂಡು ಅಂಟಿಸಿ, ದಿನವೂ ಅದರವರೆಗೆ ಆರ್‌ಒ ನೀರನ್ನು ಹಾಕಿ. ಎತ್ತಿಟ್ಟ ಉಪ್ಪುನೀರು ನೀರು ಬದಲಿಸುವ ದಿನಕ್ಕಿರಲಿ.

ಮೊದಲತೊಟ್ಟಿ

ಟೇಪು ಅಂಟಿಸಿದೆ.